ಪಾಠೋಪಕರಣ: ಮಗು ಒಂದು

ಹೊಸದಾಗಿ ಕೆಲಸಕ್ಕೆ ಸೇರಿದ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ನಿವೃತ್ತರು ಕೊಡುವ ಉಪದೇಶದಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ನಮ್ಮ ಕಾಲದಲ್ಲಿ ಮಕ್ಕಳು ಹೀಗಿರಲಿಲ್ಲ. ಯಾರಾದರೂ ಹಾಗೆಂದರೆ ಪುರಾವೆ ಕೇಳಿ. ಸೇವೆಯ ಉದ್ದಕ್ಕೂ ನಾನು ಕೇಳಿದ್ದೇನೆ, ಒಬ್ಬರೂ ಕೊಟ್ಟಿಲ್ಲ. ಮಕ್ಕಳು ಆಗಲೂ ಹೀಗೇ ಇದ್ದರು. ಬೇರೆಯಾಗಿದ್ದವರು ನಾವು, ನಮಗೆ ಮಂಡಿ ನೋವಿರಲಿಲ್ಲ.

ಹಾಗಾಗಿ ಉಪದೇಶ ಬಿಟ್ಟು ಒಂದು ಹಗ್ಗ, ಒಂದು ಹಿತ್ತಲು ಮತ್ತು ಒಂದು ಮಗುವಿನ ವಿಷಯ ಬರೆಯುತ್ತೇನೆ. ಇದರಿಂದ ನೀವು ಏನು ಕಲಿಯಬೇಕೆಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಒಪ್ಪಬಾರದು.

ಕಾಲೇಜಿನಲ್ಲಿ ನಾನು ಚರ್ಚಾ ಸ್ಪರ್ಧೆಯ ಹುಡುಗಿ. ವಿಷಯದ ಪರವಾಗಿ ಐದು ನಿಮಿಷ, ವಿರೋಧವಾಗಿ ಐದು ನಿಮಿಷ, ಎರಡಕ್ಕೂ ಬಹುಮಾನ. ಮನೆಯಲ್ಲಿ ಅಪ್ಪ ಸಾರಿಗೆ ಉಪ್ಪು ಕಮ್ಮಿ ಎಂದರೂ ಯಾವ ಆಧಾರದ ಮೇಲೆ ಎಂದು ಕೇಳುತ್ತಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಹಲಸೂರು ಕೆರೆಯ ಹಿಂದಿನ ಗಲ್ಲಿಯೊಂದರ ಸರ್ಕಾರಿ ಕನ್ನಡ ಶಾಲೆಗೆ ನನ್ನನ್ನು ಹಾಕಿದರು. ಪ್ರಪಂಚದಲ್ಲಿ ನಾನು ಗೆಲ್ಲಲಾಗದ ವಾದ ಇನ್ನೂ ಹುಟ್ಟಿಲ್ಲ ಎಂಬ ನಂಬಿಕೆಯೊಂದಿಗೆ ಐದನೇ ತರಗತಿಯೊಳಗೆ ಕಾಲಿಟ್ಟೆ.

ಕನ್ನಡ ಶಾಲೆ ಎಂಬುದು ಬೋರ್ಡಿನ ಮಾತು. ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವರು ಹತ್ತೋ ಹನ್ನೆರಡೋ. ಉಳಿದವರ ಮನೆಯಲ್ಲಿ ತಮಿಳು, ದಖನಿ, ತೆಲುಗು. ಗೋಡೆಯ ಮೇಲೊಂದು ಪಟ. ಒಂದು ಬದಿಗೆ ಜೀವಿಗಳು: ಹುಲಿ, ನವಿಲು, ಕಮಲ. ಇನ್ನೊಂದು ಬದಿಗೆ ನಿರ್ಜೀವ ವಸ್ತುಗಳು: ಬೆಟ್ಟ, ಕುರ್ಚಿ, ಬಸ್ಸು. ಕೆಳಗೆ ಲಕ್ಷಣಗಳು: ಜೀವಿಗಳು ಚಲಿಸುತ್ತವೆ, ಆಹಾರ ಸೇವಿಸುತ್ತವೆ, ಬೆಳೆಯುತ್ತವೆ.

ಮೊದಲ ದಿನವೇ ಎರಡನೇ ಬೆಂಚಿನಿಂದ ಸೆಲ್ವ ಎಂಬ ಹುಡುಗ ಎದ್ದುನಿಂತ. ಅವನಪ್ಪ ಬಿಟಿಎಸ್ ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಿದ್ದರು.

"ಮಿಸ್, ಬಸ್ಸು ಚಲಿಸುತ್ತೆ. ಡೀಸೆಲ್ ಕುಡಿಯುತ್ತೆ. ಹೊಗೆನೂ ಬಿಡುತ್ತೆ. ಕಮಲ ಎಲ್ಲಿಗೆ ಹೋಗುತ್ತೆ?"

ನನಗೆ ಬಹಳ ಸಂತೋಷವಾಯಿತು. ಸರಿಯಾದ ವಿರೋಧ ಪಕ್ಷವಿಲ್ಲದೆ ತಿಂಗಳುಗಟ್ಟಲೆ ಒಣಗಿದ್ದೆ. ಪಟವನ್ನು ಮೊಳೆಯಿಂದ ಇಳಿಸಿ ಗೋಡೆಗೆ ತಿರುಗಿಸಿಟ್ಟು, ಎಲ್ಲರಿಗೂ ಹೊರಗೆ ನಡೆಯಿರಿ ಎಂದೆ.

ಹೊರಗೆ ಎಂದರೆ ಶಾಲೆಯ ಹಿತ್ತಲು. ಹಿಂದಿನ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಪಟ್ಟಿ ಜಾಗ. ಒಂದು ಹೊಂಗೆ ಮರ, ಮುರಿದ ಬೆಂಚುಗಳ ರಾಶಿ, ಸದಾ ಸೋರುವ ಒಂದು ನಲ್ಲಿ, ಅದರ ಕೆಳಗೆ ಪಾಚಿ, ಗೋಡೆಯುದ್ದಕ್ಕೂ ಯಾರೂ ನೆಡದ ಗಿಡಗಳು. ನಾವು ವರಾಂಡದ ಕೊನೆ ಮುಟ್ಟುವಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಸರೋಜಮ್ಮ ಮೇಡಂ ಕೋಣೆಯಿಂದ ಹೊರಬಂದರು. ಕೈಯಲ್ಲಿ ಕೆಂಪು ಪೆನ್ನು. ಆ ಪೆನ್ನಿಲ್ಲದೆ ಅವರನ್ನು ನಾನು ನೋಡಿದ್ದು ಕಡಿಮೆ.

"ಎಲ್ಲಿಗಮ್ಮಾ ದಂಡು ಹೊರಟಿದ್ದು?"

"ಹಿತ್ತಲಿಗೆ ಮೇಡಂ. ಜೀವಿಗಳ ವರ್ಗೀಕರಣ."

"ಪಾಠ ಟಿಪ್ಪಣಿಲಿ ಹಿತ್ತಲು ಅಂತ ಬರ್ದಿದೀರಾ?"

"ಜೀವಿಗಳು ಟಿಪ್ಪಣಿ ಓದಲ್ಲ ಮೇಡಂ."

"ತನಿಖೆಗೆ ಬರೋರು ಓದ್ತಾರೆ. ನೋಡಿ ಸುಮಿತ್ರಾ, ಟಿಪ್ಪಣಿಲಿ ಇದ್ರೆ ಆನೆನೂ ತನ್ನಿ, ನಾನು ಗೇಟ್ ತೆಗೆಸ್ತೀನಿ. ಇಲ್ದಿದ್ರೆ ಇರುವೆನೂ ಬೇಡ."

ಪಾಠ ಟಿಪ್ಪಣಿ ಎಂದರೆ ನಾಳೆ ಏನು ಕಲಿಸುತ್ತೇವೆಂದು ಇವತ್ತೇ ಬರೆದು ಮುಖ್ಯಸ್ಥರ ಸಹಿ ಪಡೆಯುವ ಪುಸ್ತಕ. ಉದ್ದೇಶ, ಸ್ಥಳ, ಪಾಠೋಪಕರಣ, ಚಟುವಟಿಕೆ ಎಂದು ಅಂಕಣಗಳು. ಟಿಪ್ಪಣಿಯಲ್ಲಿ ಇಲ್ಲದ್ದನ್ನು ಮಾಡಿದರೂ, ಮಾಡಲಾಗದ್ದನ್ನು ಟಿಪ್ಪಣಿಯಲ್ಲಿ ಬರೆದರೂ ಮೇಡಂ ಕೆಂಪು ಪೆನ್ನಿನಿಂದ ಸಾಲಿಗೆ ಅಡ್ಡಗೆರೆ ಎಳೆಯುತ್ತಿದ್ದರು. ಅವರ ಬಗ್ಗೆ ಆಗ ನನ್ನ ಅಭಿಪ್ರಾಯವೇನಿತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ತಪ್ಪಾಗಿತ್ತು.

ಮರುದಿನ ಸ್ಥಳದ ಅಂಕಣದಲ್ಲಿ ಹಿತ್ತಲು ಎಂದು ಬರೆದು ಹೊರಗೆ ಹೋದೆವು. ಧ್ವಜಕಂಬಕ್ಕೆ ಹೊಸ ಹಗ್ಗ ಬಂದಿತ್ತು, ಹಳೆಯದನ್ನು ಕತ್ತರಿಸಿ ನೆಲದ ಮೇಲೆ ವೃತ್ತಗಳನ್ನು ಮಾಡಿದೆ. ಒಂದು ವೃತ್ತಕ್ಕೆ ಒಂದು ಗುಂಪು. ಸಿಕ್ಕಿದ್ದನ್ನು ತಂದು ಯಾವುದಾದರೊಂದು ವೃತ್ತದಲ್ಲಿ ಇಡಬೇಕು, ಯಾಕೆಂದು ಹೇಳಬೇಕು.

ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಒಂದು ಓತಿಕೇತ ಬಂದು ತಲೆಯಾಡಿಸಿತು. ನಾಲ್ಕು ಮಕ್ಕಳು ನಾಲ್ಕು ಭಾಷೆಯಲ್ಲಿ ಅದರ ಹೆಸರು ಕೂಗಿದರು. ಯಾರದು ಸರಿಯಾದ ಹೆಸರು ಎಂಬ ವಿಷಯ ಅಂಗಿ ಹಿಡಿದೆಳೆಯುವಲ್ಲಿಗೆ ಮುಟ್ಟಿತು. ನಾನು ಬಿಡಿಸಿ ತಿರುಗಿ ನೋಡಿದಾಗ ಓತಿಕೇತ ಇರಲಿಲ್ಲ. ಅದರ ಕಾಲಿನಲ್ಲಿ ಎಷ್ಟು ಬೆರಳು, ಚರ್ಮ ಹೇಗಿತ್ತು ಎಂದು ಕೇಳಿದರೆ ಒಬ್ಬರೂ ನೋಡಿರಲಿಲ್ಲ. ಅವತ್ತೇ ಹಿತ್ತಲಿನ ಕಾನೂನು ಮಾಡಿದೆ: ಹೆಸರು ಬೇಡ, ಕಾರಣ ಹೇಳು. ನನ್ನ ವೃತ್ತಿಯಲ್ಲಿ ನಾನೇ ಕಂಡುಹಿಡಿದದ್ದು ಎಂದು ಹೇಳಿಕೊಳ್ಳಬಹುದಾದದ್ದು ಇದೊಂದೇ. ಇದಕ್ಕೂ ಆ ಓತಿಕೇತ ಪಾಲು ಕೇಳಬಹುದು.

ಎರಡನೇ ವಾರದಲ್ಲಿ ನನ್ನ ದೊಡ್ಡ ಎಡವಟ್ಟು ನಡೆಯಿತು. "ನಾಳೆ ಒಬ್ಬೊಬ್ಬರೂ ಒಂದೊಂದು ಜೀವಿ ತನ್ನಿ" ಎಂದುಬಿಟ್ಟೆ. ಟಿಪ್ಪಣಿಯಲ್ಲಿ ಪಾಠೋಪಕರಣ: ವಿವಿಧ ಜೀವಿಗಳು ಎಂದು ಬರೆದೆ. ಮೇಡಂ ಸಹಿ ಹಾಕಿದರು. ಅವರ ಮನಸ್ಸಿನಲ್ಲಿ ದಾಸವಾಳ ಇತ್ತಂತೆ.

ಬೆಂಕಿಪೆಟ್ಟಿಗೆಗಳಲ್ಲಿ ಇರುವೆ, ಜಿರಲೆ, ಸಗಣಿ ಹುಳು ಬಂದವು. ತಿಂಡಿ ಡಬ್ಬಿಯಲ್ಲಿ ಬಸವನಹುಳು. ಕೆರೆಯಿಂದ ಗೊದಮೊಟ್ಟೆ. ಒಬ್ಬಳು ನಾಟಿ ಕೋಳಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಮಂಜುನಾಥ ಎಂಬ ಶಾಂತ ಹುಡುಗ ಲೋಟದಲ್ಲಿ ಮೊಸರು ತಂದಿದ್ದ.

"ಇದು ಜೀವಿ ಹೇಗಾಗುತ್ತೋ?"

"ರಾತ್ರಿ ಹಾಲಿತ್ತು ಮಿಸ್. ಬೆಳಿಗ್ಗೆ ಹೊತ್ಗೆ ಹಿಂಗಾಗಿದೆ. ಒಳಗಡೆ ಯಾರೋ ಕೆಲಸ ಮಾಡಿದಾರೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮೊಸರನ್ನು ನಿರ್ಜೀವದ ವೃತ್ತಕ್ಕೆ ಕಳಿಸಿದೆ. ರಾತ್ರಿ ಮಲಗಿದ ಮೇಲೆ ನೆನಪಾಯಿತು, ಹುಡುಗ ಹೇಳಿದ್ದು ಅಕ್ಷರಶಃ ಸರಿ. ಮಾರನೇ ದಿನ ತರಗತಿಯ ಮುಂದೆ ಅವನ ಕ್ಷಮೆ ಕೇಳಿದೆ. ಅವನು ಕೇಳಿದ್ದು ಒಂದೇ ಮಾತು: "ಲೋಟ ಎಲ್ಲಿ ಮಿಸ್?"

ಜೀವಿ ತಂದ ಆ ದಿನವೇ ಕೋಳಿ ಕಂಕುಳಿನಿಂದ ಜಾರಿ ವೃತ್ತಗಳೊಳಗೆ ಇಳಿಯಿತು. ಆರು ಕಾಲಿನವು ಎಂದು ನಾವು ಒಟ್ಟುಮಾಡಿದ್ದ ಗುಂಪನ್ನು ಎರಡು ಕಾಲಿನ ಗುಂಪು ಮೂರು ನಿಮಿಷದಲ್ಲಿ ತಿಂದು ಮುಗಿಸಿತು. ಮಕ್ಕಳು ಓಡಿಸುವ ಗದ್ದಲದಲ್ಲಿ ಹಿಂದಿನ ಗೇಟಿನಿಂದ ಒಬ್ಬಳು ಹುಡುಗಿ ಬಂದು ನಿಂತಿದ್ದನ್ನು ನಾನು ತಡವಾಗಿ ನೋಡಿದೆ.

ಹೆಸರು ಮುಬೀನಾ. ನಾನು ಸೇರಿದಾಗಿನಿಂದ ಹಾಜರಿ ಪುಸ್ತಕದಲ್ಲಿ ಅವಳ ಸಾಲಿನುದ್ದಕ್ಕೂ ಗೈರು. ಈಗ ಸೊಂಟದ ಮೇಲೆ ಒಂದು ಮಗು ಕೂರಿಸಿಕೊಂಡಿದ್ದಳು. ಏಳು ತಿಂಗಳಿನದು, ದುಂಡಗಿತ್ತು, ಕೋಳಿಯನ್ನು ಬಹಳ ಗಂಭೀರವಾಗಿ ನೋಡುತ್ತಿತ್ತು.

"ಇದೇನೇ ಮುಬೀನಾ?"

"ಜೀವಿ ಮಿಸ್. ನೀವು ತರೋಕೆ ಹೇಳಿದ್ರಂತೆ. ಸೆಲ್ವ ಹೇಳ್ದ."

ಸೆಲ್ವ ವಿಚಾರಣೆ ಶುರುಮಾಡಿದ. "ತಿನ್ನುತ್ತಾ?"

"ಬೇರೆ ಕೆಲಸನೇ ಇಲ್ಲ ಅದಕ್ಕೆ."

"ಬೆಳೆಯುತ್ತಾ?"

"ಎತ್ಕೊಂಡ್ ನೋಡು, ಗೊತ್ತಾಗುತ್ತೆ."

"ಚಲಿಸುತ್ತಾ?"

ಅದಕ್ಕೆ ಮುಬೀನಾ ಮಗುವನ್ನು ಕೆಳಗೆ ಕೂರಿಸಿದಳು. ಮಗು ಕೂತಲ್ಲೇ ಕೂತಿತ್ತು. ಒಂದಿಂಚು ಅಲುಗಲಿಲ್ಲ. ಬಹಳ ಚರ್ಚೆಯ ನಂತರ ಅದನ್ನು ಜಾಗ ಬಿಟ್ಟು ಹೋಗದ ಜೀವಿಗಳ ವೃತ್ತದಲ್ಲಿ, ಒಂದು ಪಾಟಿನ ಗುಲಾಬಿ ಗಿಡಕ್ಕೂ ಒಂದು ಕುಂಬಳದ ಬಳ್ಳಿಗೂ ನಡುವೆ ಇಟ್ಟರು. ಮಗುವಿನ ಹೆಸರು ಸಮೀರ್. ಮಕ್ಕಳು ಚೋಟು ಎಂದರು, ಅದೇ ನಿಂತಿತು.

ವಿಷಯ ತಿಳಿದದ್ದು ಆಮೇಲೆ. ಅವಳ ಅಮ್ಮಿ ಬೆಳಗಿನ ಜಾವ ಶಿವಾಜಿನಗರದ ಮಾರುಕಟ್ಟೆಗೆ ಹೋಗಿ ಸೊಪ್ಪು ತಂದು, ತಳ್ಳುಗಾಡಿಯಲ್ಲಿ ಬೀದಿ ಬೀದಿ ಮಾರಿ ಮನೆಗೆ ಬರುವುದು ಮಧ್ಯಾಹ್ನ ಊಟದ ಹೊತ್ತಿಗೆ. ಅಲ್ಲಿಯವರೆಗೆ ಮಗು ಮುಬೀನಾಳ ಪಾಲು. ಅಂಗನವಾಡಿಯವರು ಮೂರು ವರ್ಷವಾಗಲಿ ಎಂದಿದ್ದರು. ಶಾಲೆಯವರು ಮಗುವನ್ನು ಬಿಟ್ಟು ಬಾ ಎಂದಿದ್ದರು. ಎಲ್ಲಿ ಬಿಟ್ಟು ಎಂದು ಯಾರೂ ಹೇಳಿರಲಿಲ್ಲ. ತಿಂಗಳ ಕೊನೆಯೊಳಗೆ ಬರದಿದ್ದರೆ ಹೆಸರು ತೆಗೆಯಬೇಕಾಗಿತ್ತು. ತೆಗೆದ ಹೆಸರು ಮತ್ತೆ ಸೇರುವುದನ್ನು ನಮ್ಮ ಗಲ್ಲಿಯಲ್ಲಿ ಕಂಡವರು ಕಡಿಮೆ.

ನಾನು ಮೇಡಂ ಕೋಣೆಗೆ ಹೋದೆ.

"ಆಗಲ್ಲ ಸುಮಿತ್ರಾ. ರೂಮಲ್ಲಿ ಒಂದು ಕೂಸು ಅತ್ರೆ ಮೂರು ಕ್ಲಾಸ್ ನಿಲ್ಲುತ್ತೆ. ಹೋದ ವರ್ಷ ನೋಡಿದೀನಿ."

"ರೂಮಲ್ಲಿ ಬೇಡ ಮೇಡಂ. ಬೆಳಗಿನ ಪಾಠ ಎಲ್ಲಾ ನಂದೇ ತಾನೆ, ವಿಜ್ಞಾನ, ಗಣಿತ. ಊಟದ ಬೆಲ್ ತನಕ ಹಿತ್ತಲಲ್ಲೇ ಮಾಡ್ತೀನಿ. ಮಧ್ಯಾಹ್ನ ಅವರಮ್ಮ ಬಂದು ಮಗು ಕರ್ಕೊಂಡ್ ಹೋಗ್ತಾರೆ."

"ಮಗು ಯಾವ ಲೆಕ್ಕದಲ್ಲಿ ಒಳಗೆ ಬರುತ್ತೆ?"

ಅದಕ್ಕೆ ಉತ್ತರವಾಗಿ ಟಿಪ್ಪಣಿ ಪುಸ್ತಕ ಮುಂದಿಟ್ಟೆ. ಸ್ಥಳ: ಹಿತ್ತಲು. ಪಾಠೋಪಕರಣ: ಹಗ್ಗ, ಎಲೆಗಳು, ಇರುವೆ, ಮಗು ಒಂದು.

ಅವರು ಓದಿದರು. ಇನ್ನೊಮ್ಮೆ ಓದಿದರು.

"ಆನೆನೂ ತರಬಹುದು ಅಂದಿದ್ರಿ ಮೇಡಂ."

"ಆನೆ ಅಳಲ್ಲಮ್ಮ." ಕೆಂಪು ಪೆನ್ನು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಕೆಳಗಿಳಿದು ಸಹಿ ಮಾಡಿತು. "ಆದ್ರೆ ಕೇಳಿಸ್ಕೊಳ್ಳಿ. ಪರಿವೀಕ್ಷಕರು ಬರ್ತಾರೆ. ಅವರು ಹೊರಗಿನ ಪಾಠ ಬೇಡ ಅಂತ ಬರೆದ್ರೆ ಅವತ್ತೇ ಎಲ್ಲಾರೂ ಒಳಗೆ. ಆಮೇಲೆ ನನ್ನ ಹತ್ರ ವಾದ ಮಾಡ್ಬಾರ್ದು."

ಒಪ್ಪಿದೆ. ಪರಿವೀಕ್ಷಕರ ಹತ್ತಿರ ವಾದ ಮಾಡಬಾರದು ಎಂದು ಅವರು ಹೇಳಿರಲಿಲ್ಲ. ಅದೇ ಆಮೇಲೆ ಎಡವಟ್ಟಾಯಿತು.

ಹೀಗೆ ಮುಬೀನಾ ದಿನಾ ಬರತೊಡಗಿದಳು. ತರಗತಿಗೆ ಹೊರೆಯಾಗುತ್ತಾಳೆ ಎಂದುಕೊಂಡಿದ್ದೆ. ಮೊದಲ ವಾದದಲ್ಲೇ ನನ್ನನ್ನು ಸೋಲಿಸಿದಳು.

ಅವತ್ತು ಮನೆಯಿಂದ ತಂದ ಎಲೆಗಳನ್ನು ಗುಂಪು ಮಾಡುವ ಪಾಠ. ನನ್ನ ಲೆಕ್ಕದಲ್ಲಿ ಗುಂಪುಗಳು ಮೊದಲೇ ತೀರ್ಮಾನವಾಗಿದ್ದವು: ಅಡುಗೆಯವು, ಹೂವಿನವು, ಬೇಲಿಯವು. ಮುಬೀನಾ ತನ್ನ ಪುದೀನಾವನ್ನೂ ಇನ್ನೊಬ್ಬಳ ತುಳಸಿಯನ್ನೂ ಒಂದೇ ವೃತ್ತದಲ್ಲಿ ಇಟ್ಟಳು.

"ತಪ್ಪು" ಎಂದೆ. "ಒಂದು ಚಟ್ನಿಗೆ, ಒಂದು ಪೂಜೆಗೆ."

"ಅದು ನಾವು ಮಾಡೋದು ಮಿಸ್. ಅವು ಏನು ಮಾಡ್ತವೆ?"

ಅಂಥ ಪ್ರಶ್ನೆ ಕೇಳಿದ ತೀರ್ಪುಗಾರರನ್ನು ನಾನು ಕಾಲೇಜಿನಲ್ಲಿ ನೋಡಿರಲಿಲ್ಲ. "ಸರಿ, ಕಾರಣ ಹೇಳು" ಎಂದೆ.

"ಕಡ್ಡಿ ಬೆರಳಲ್ಲಿ ಉರುಳಿಸಿ ನೋಡಿ. ಕೊತ್ತಂಬರಿ ಉರುಳುತ್ತೆ. ಪುದೀನಾ ಉರುಳಲ್ಲ, ಮೂಲೆ ತಾಕುತ್ತೆ. ತುಳಸಿಗೂ ಮೂಲೆ ಇದೆ."

ಉರುಳಿಸಿದೆ. ಹೌದು, ಎರಡರ ಕಾಂಡವೂ ಚೌಕ. ನಾಲ್ಕು ಅಂಚು ಬೆರಳಿಗೆ ಸ್ಪಷ್ಟವಾಗಿ ಸಿಕ್ಕಿತು. ದಿನಾ ಬೆಳಿಗ್ಗೆ ಅಮ್ಮಿಯ ಗಾಡಿಗೆ ಅರೆಗತ್ತಲಲ್ಲಿ ಕಟ್ಟು ಕಟ್ಟುವಾಗ ಕಣ್ಣಿಗಿಂತ ಬೆರಳೇ ಮೊದಲು ಸೊಪ್ಪನ್ನು ಗುರುತಿಸುತ್ತದೆಯಂತೆ. ನಾನು ಬಿಎಸ್ಸಿ ಓದಿದವಳು, ತುಳಸಿಗೂ ಪುದೀನಾಗೂ ಕುಟುಂಬ ಒಂದೇ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಯಾವ ತುಳಸಿಯನ್ನೂ ಉರುಳಿಸಿ ನೋಡಿರಲಿಲ್ಲ. ವೃತ್ತಕ್ಕೆ ಮೂಲೆ ಮನೆ ಎಂದು ಹೆಸರಿಟ್ಟರು. ಮೇಡಂ ಕಿವಿಗೆ ಸುದ್ದಿ ಬಿದ್ದು, ಸಂಜೆ ಅವರು ತಮ್ಮ ಟೇಬಲ್ಲಿನ ಮೇಲಿದ್ದ ತುಳಸಿ ಕುಡಿಯನ್ನು ಗುಟ್ಟಾಗಿ ಬೆರಳಿನಲ್ಲಿ ತಿರುಗಿಸುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ.

ಚೋಟುವಿನ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಪ್ರತಿ ಸೋಮವಾರ ಅವನನ್ನು ಮರುಪರಿಶೀಲನೆ ಮಾಡಬೇಕೆಂದು ಮಕ್ಕಳೇ ನಿಯಮ ಮಾಡಿದರು. ಕುಂಬಳ ಬಳ್ಳಿಯ ತುದಿ ಎಲ್ಲಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು, ಚೋಟು ಎಲ್ಲಿದ್ದಾನೆ ಎಂದೂ ಹಾಕುತ್ತಿದ್ದರು. ಎರಡು ತಿಂಗಳು ಬಳ್ಳಿಯೇ ಮುಂದಿತ್ತು.

"ಮಿಸ್, ಈ ವಾರನೂ ಕುಂಬಳಕಾಯಿ ಗೆದ್ದಿದೆ."

"ನಿನ್ ತಮ್ಮ ಸೋಂಬೇರಿ ಕಣೇ" ಎಂದು ಸೆಲ್ವ.

"ಅವನು ಯೋಚನೆ ಮಾಡ್ತಿದಾನೆ. ನೀನು ಮಾಡ್ದೇ ಇರೋದನ್ನ" ಎಂದು ಮುಬೀನಾ.

ದಸರಾ ರಜೆ ಮುಗಿದ ವಾರ ಪರಿವೀಕ್ಷಕರು ಬಂದರು. ಎತ್ತರದ ವ್ಯಕ್ತಿ, ಇಸ್ತ್ರಿ ಮಾಡಿದ ಸಫಾರಿ, ಮಾತು ಕಮ್ಮಿ. ಮೊದಲು ಕೇಳಿದ್ದು ಟಿಪ್ಪಣಿ ಪುಸ್ತಕ. ನಿಂತುಕೊಂಡೇ ಓದುತ್ತಾ ಹಿತ್ತಲಿಗೆ ಬಂದರು, ಹಿಂದೆ ಸರೋಜಮ್ಮ ಮೇಡಂ.

"ಪಾಠೋಪಕರಣ: ಮಗು ಒಂದು" ಎಂದು ಗಟ್ಟಿಯಾಗಿ ಓದಿದರು. "ಏನಮ್ಮಾ ಇದು?"

"ಅದೇ ಸಾರ್" ಎಂದು ಚೋಟುವನ್ನು ತೋರಿಸಿದೆ. ಅವನು ಕುಂಬಳದ ಎಲೆಯೊಂದನ್ನು ಚೀಪುತ್ತಿದ್ದ.

ಅವರು ವೃತ್ತಗಳನ್ನು ನೋಡಿದರು. "ಪುಸ್ತಕದಲ್ಲಿ ಗಿಡ, ಪೊದೆ, ಮರ, ಬಳ್ಳಿ ಅಂತಿದೆ. ಇಲ್ಲಿ ಮೂಲೆ ಮನೆ, ಹಾಲು ಬರೋದು, ಮುಳ್ಳು ಚುಚ್ಚೋದು. ಇದ್ಯಾವ ಪಠ್ಯಕ್ರಮ? ಇಷ್ಟು ದಿನ ಆಟ ಆಡಿಸಿದೀರಾ?"

ಇಲ್ಲಿ ನಾನು ಹೌದು ಸಾರ್, ನೋಡಿ ಸಾರ್ ಎನ್ನಬೇಕಾಗಿತ್ತು. ಆದರೆ ನನ್ನೊಳಗೆ ಗಂಟೆ ಬಾರಿಸಿತು. ಐದು ನಿಮಿಷ.

"ಬಾಳೆ ಮರನೋ ಗಿಡನೋ ಸಾರ್?"

"ಮರ."

"ಮರಕ್ಕೆ ಗಟ್ಟಿ ಕಾಂಡ ಇರ್ಬೇಕು ಅಂತ ಪುಸ್ತಕ ಹೇಳುತ್ತೆ. ಬಾಳೆ ಒಳಗೆ ಬರೀ ಪದರ."

"ಹಾಗಾದ್ರೆ ಗಿಡ ಅನ್ಕೊಳ್ಳಿ."

"ಗಿಡ ಅಂದ್ರೆ ಸಣ್ಣದು ಅಂತಲೂ ಪುಸ್ತಕದಲ್ಲೇ ಇದೆ. ತಾರಸಿ ಮುಟ್ಟೋ ಬಾಳೆ ಸಣ್ಣದಾ ಸಾರ್?"

ಸೆಲ್ವನ ಮುಖದಲ್ಲಿ ಮೆಚ್ಚುಗೆ ಇತ್ತು. ನಾನು ಇನ್ನೂ ಎರಡು ಉದಾಹರಣೆ ಕೊಟ್ಟೆ. ಯಾವ ಸಭಿಕರಿದ್ದರೂ ಚಪ್ಪಾಳೆ ತಟ್ಟುವಂಥ ವಾದ. ಪರಿವೀಕ್ಷಕರ ಕಿವಿ ಕೆಂಪಾಯಿತು. ಅವರು ಮೇಡಂ ಕಡೆ ತಿರುಗಿ, "ಸಂದರ್ಶನ ಪುಸ್ತಕ ತನ್ನಿ" ಎಂದರು. ಬಂದ ಅಧಿಕಾರಿಗಳು ತಮ್ಮ ಆದೇಶ ಬರೆದುಹೋಗುವ ಪುಸ್ತಕ ಅದು. ಮುರಿದ ಬೆಂಚಿನ ಮೇಲೆ ಅದನ್ನು ತೆರೆದು, ಐದನೇ ತರಗತಿಯ ಹೊರಾಂಗಣ ಪಾಠವನ್ನು, ಎಂದು ಬರೆಯಲು ಶುರುಮಾಡಿದರು.

ಆ ವಾಕ್ಯದ ಕ್ರಿಯಾಪದ ಏನಿರುತ್ತದೆ ಎಂದು ಎಲ್ಲರಿಗಿಂತ ಮೊದಲು ತಿಳಿದದ್ದು ಮುಬೀನಾಳಿಗೆ. ಅವಳು ಹೊಂಗೆಯ ಕೊಂಬೆಗೆ ಒಣಹಾಕಿದ್ದ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸಿ ಚೀಲಕ್ಕೆ ಹಾಕತೊಡಗಿದಳು. ಆ ಚೀಲದಲ್ಲೇ ಅವಳ ಸ್ಲೇಟೂ ಇತ್ತು. ನಾನು ವಾದ ಗೆದ್ದಿದ್ದೆ. ಬೆಲೆ ತೆರುವವಳು ಅಲ್ಲಿ ಬಟ್ಟೆ ಮಡಿಸುತ್ತಿದ್ದಳು.

ಮತ್ತೆ ಬಾಯಿ ತೆರೆದೆ. ಎಡಗಾಲಿನ ಮೇಲೆ ಏನೋ ಭಾರ ಬಿತ್ತು. ಸರೋಜಮ್ಮ ಮೇಡಂ ನನ್ನ ಪಾದದ ಮೇಲೆ ತಮ್ಮ ಚಪ್ಪಲಿ ಇಟ್ಟು, ನನ್ನ ಕಡೆ ನೋಡದೆಯೇ ಒತ್ತುತ್ತಿದ್ದರು.

"ಸಾರ್" ಎಂದರು ಮೆಲ್ಲಗೆ, "ಟೀಚರ್ನ ಕೇಳಿದ್ದಾಯ್ತು. ಬರೆಯೋಕೆ ಮುಂಚೆ ಒಂದು ಮಗುನೂ ಕೇಳ್ಬಿಡಿ. ಅಗೋ, ಆ ಹುಡುಗಿನ. ಉಪಕರಣದ ಅಕ್ಕ."

ಪರಿವೀಕ್ಷಕರು ಪೆನ್ನು ಹಿಡಿದೇ ಎದ್ದರು. ಗೋಡೆಯ ಬುಡದಲ್ಲಿ ಬಿಳಿ ಹೂ ಬಿಟ್ಟಿದ್ದ ಸಣ್ಣ ಗಿಡವೊಂದನ್ನು ಕಿತ್ತು ಅವಳ ಮುಂದೆ ಹಿಡಿದರು.

"ಇದು ಏನಮ್ಮಾ?"

"ಗೊತ್ತಿಲ್ಲ ಸಾರ್."

"ಹೆಸರೇ ಗೊತ್ತಿಲ್ಲ" ಎಂದು ಅವರು ಮೇಡಂ ಕಡೆ ನೋಡಿದರು. ನನ್ನ ಪಾದದ ಮೇಲೆ ಒತ್ತಡ ಹೆಚ್ಚಾಯಿತು.

ಮುಬೀನಾ ಗಿಡವನ್ನು ಇಸಿದುಕೊಂಡಳು. ಬುಡದ ಕಡ್ಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿರುಗಿಸಿದಳು. ಕಣ್ಣು ಮುಚ್ಚಿದ್ದಳು. ಆಮೇಲೆ ಹೋಗಿ ಪುದೀನಾ, ತುಳಸಿ ಇದ್ದ ವೃತ್ತದಲ್ಲಿ ಇಟ್ಟಳು.

"ಇದು ತುಂಬೆ" ಎಂದರು ಪರಿವೀಕ್ಷಕರು. "ಶಿವನಿಗೆ ಏರಿಸೋ ಹೂವು. ಪುದೀನಾ ಜೊತೆ ಯಾಕಿಟ್ಟೆ?"

"ಹೆಸರು ನನಗೆ ಗೊತ್ತಿಲ್ಲ ಸಾರ್. ಮೂಲೆ ಇದೆ. ಉರುಳಿಸಿ ನೋಡಿ."

ಅವರು ಬಗ್ಗಿ ತುಂಬೆಯನ್ನು ತೆಗೆದುಕೊಂಡು ಉರುಳಿಸಿದರು. ಪುದೀನಾ ಉರುಳಿಸಿದರು. ತುಳಸಿ. ಮತ್ತೆ ತುಂಬೆ. ಅಧಿಕಾರಿಯೊಬ್ಬರು ಅಷ್ಟು ಹೊತ್ತು ಒಂದು ಕಡ್ಡಿ ಹಿಡಿದು ನಿಂತದ್ದನ್ನು ನಾನು ಆಮೇಲೆ ಎಂದೂ ನೋಡಿಲ್ಲ.

"ನಮ್ಮ ಮನೇಲಿ ದಿನಾ ಪೂಜೆಗೆ ಕೀಳ್ತೀನಿ" ಎಂದರು, ತಮಗೇ ಎಂಬಂತೆ. "ನಲವತ್ತು ವರ್ಷ ಆಯ್ತು."

ಆಗಲೇ ಸೆಲ್ವ ಕೂಗಿದ್ದು. ಎಲ್ಲರ ಕಣ್ಣು ತುಂಬೆಯ ಮೇಲಿದ್ದಾಗ ಚೋಟು ಎರಡೂ ಅಂಗೈ ನೆಲಕ್ಕೂರಿ, ಸೊಂಟ ಎತ್ತಿ, ಹಗ್ಗ ದಾಟಿ, ಮೂಲೆ ಮನೆಯ ವೃತ್ತದವರೆಗೆ ಮುಟ್ಟಿದ್ದ. ಒಂದು ಕೈ ಪರಿವೀಕ್ಷಕರ ಬೂಟಿನ ದಾರದ ಮೇಲಿತ್ತು.

"ಸಾರ್, ಬರೀಬೇಡಿ" ಎಂದ ಸೆಲ್ವ. "ಚೋಟು ಗುಂಪು ಬದಲಾಯ್ತು. ಫಸ್ಟ್ ಅದನ್ನ ಸರಿ ಮಾಡ್ಬೇಕು."

ಮೂವತ್ತೇಳು ಮಕ್ಕಳು ಆಡಳಿತ ಮರೆತು ಸೀಮೆಸುಣ್ಣಕ್ಕೆ ಓಡಿದರು. ಮುಬೀನಾ ಮಾತ್ರ ಓಡಲಿಲ್ಲ. ಕೈಯಲ್ಲಿ ಮಡಿಸಿದ ಬಟ್ಟೆ ಹಿಡಿದು ಪೆನ್ನನ್ನೇ ನೋಡುತ್ತಿದ್ದಳು. ಪರಿವೀಕ್ಷಕರು ಬೂಟಿನ ದಾರ ಬಿಡಿಸಿಕೊಂಡು, ಬೆಂಚಿಗೆ ಮರಳಿ ಕೂತು, ವಾಕ್ಯ ಮುಗಿಸಿದರು. ಅವರು ಹೋದ ಮೇಲೆ ನಾವು ಓಡಿಹೋಗಿ ಓದಿದೆವು:

ಐದನೇ ತರಗತಿಯ ಹೊರಾಂಗಣ ಪಾಠವನ್ನು ಗಮನಿಸಲಾಯಿತು, ಮುಂದುವರಿಸುವುದು. ಶಿಕ್ಷಕಿಯವರು ಕಡಿಮೆ ಮಾತನಾಡುವುದು. ಪಾಠೋಪಕರಣಕ್ಕೆ ಬಿಸಿಲಿಗೆ ಟೋಪಿ ಹಾಕಿಸುವುದು.

ಮುಬೀನಾ ಬಟ್ಟೆಯನ್ನು ಕೊಡವಿ ಮತ್ತೆ ಕೊಂಬೆಗೆ ಹಾಕಿದಳು. ಸರೋಜಮ್ಮ ಮೇಡಂ ಮಾರನೇ ದಿನ ಒಂದು ಹಳದಿ ಉಣ್ಣೆಯ ಟೋಪಿ ತಂದುಕೊಟ್ಟರು. ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿ, ಉದುರಿ, ಹೊಸದು ಬರಲು ಆ ವರ್ಷವೇ ಬೇಕಾಯಿತು. ಬೆಳೆಯುವುದು ಜೀವಿಯ ಲಕ್ಷಣ ಎಂದು ಮಕ್ಕಳಿಗೆ ಅದನ್ನೇ ತೋರಿಸುತ್ತಿದ್ದೆ.

ಮುಂದೆ ಕಾಲ ಬದಲಾಯಿತು. ಎರಡು ಸಾವಿರದ ಇಸವಿಯ ಈಚೆಗೆ ಚಟುವಟಿಕೆಯ ಮೂಲಕ ಕಲಿಕೆ ಎಂದು ಸುತ್ತೋಲೆಗಳು ಬಂದವು. ಕೆ.ಆರ್. ಪುರದಲ್ಲಿ ತರಬೇತಿ. ಬಾಗಿಲು ಹಾಕಿದ ಸಭಾಂಗಣದಲ್ಲಿ ಮೂರು ದಿನ ನಮಗೆ ಪ್ಲಾಸ್ಟಿಕ್ಕಿನ ಎಲೆಗಳನ್ನು ಕೊಟ್ಟು ಗುಂಪು ಮಾಡಿಸಿದರು. ಕಿಟಕಿಯಾಚೆ ಒಂದು ಸಂಪಿಗೆ ಮರ ಎಲೆ ಉದುರಿಸುತ್ತಿತ್ತು. ನಾನು ಕೈ ಎತ್ತಿದೆ.

"ಈ ಎಲೆಗಳನ್ನ ಯಾವ ಗುಂಪಿಗೆ ಹಾಕೋದು ಸಾರ್?"

"ನಿಮಗೆ ಅನ್ನಿಸಿದ ಗುಂಪಿಗೆ ಮೇಡಂ. ಕಾರಣ ಹೇಳಿದ್ರೆ ಸಾಕು."

"ನಿರ್ಜೀವ. ಕಾರಣ, ಪ್ಲಾಸ್ಟಿಕ್."

ಪಕ್ಕದಲ್ಲಿ ಕೂತಿದ್ದ ಹಿರಿಯ ಶಿಕ್ಷಕರೊಬ್ಬರು ಟೀ ಬಿಡುವಿನಲ್ಲಿ ತರಬೇತುದಾರರಿಗೆ ಸಮಾಧಾನ ಹೇಳಿ ನನ್ನನ್ನು ಕಾಪಾಡಿದರು. ಆದರೂ ಹೇಳುತ್ತೇನೆ, ಆ ತರಬೇತಿಗಳನ್ನು ಪೂರ್ತಿ ಬೈಯಬೇಡಿ. ಹಿತ್ತಲಿಗೆ ಹೋಗುವುದಕ್ಕೆ ನಾನು ಅಂಗಲಾಚಬೇಕಿತ್ತು, ನಿಮಗೆ ಈಗ ಸುತ್ತೋಲೆಯೇ ಇದೆ. ನಿಮಗಿಲ್ಲದ್ದು ಹಿತ್ತಲು. ನಮ್ಮ ಶಾಲೆಯದಕ್ಕೂ ಈಗ ಕಾಂಕ್ರೀಟು ಬಿದ್ದಿದೆ. ಬಿರುಕುಗಳಲ್ಲಿ ತುಂಬೆ ಇದೆ, ಹೋಗಿ ನೋಡಿಕೊಂಡು ಬಂದಿದ್ದೇನೆ.

ಹೇಳಬೇಕಾದದ್ದು ಇನ್ನೊಂದಿದೆ. ಮುಬೀನಾಳ ಹೆಸರು ತೆಗೆಯಲಿಲ್ಲ. ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋದಳು. ಅವಳು ಹತ್ತನೆಯಲ್ಲಿದ್ದ ವರ್ಷ ಜೂನ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಶಾಲೆಯ ದಾಖಲಾತಿಯ ಸಾಲಿನಲ್ಲಿ ಬಂದು ನಿಂತಳು. ಜೊತೆಗೆ ಒಬ್ಬ ಹುಡುಗ, ಒಂದು ಕ್ಷಣ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸರೋಜಮ್ಮ ಮೇಡಂಗೆ ಅದು ನಿವೃತ್ತಿಯ ವರ್ಷ. ಅಮ್ಮಿಗೆ ಬರೆಯಲು ಬಾರದ್ದರಿಂದ ಅರ್ಜಿಯನ್ನು ಮುಬೀನಾಳೇ ತುಂಬಿದ್ದಳು, ದುಂಡಗಿನ ಅಕ್ಷರಗಳಲ್ಲಿ. ಮೇಡಂ ಕೆಂಪು ಪೆನ್ನು ಹಿಡಿದು ಮೇಲಿಂದ ಓದುತ್ತಾ ಬಂದರು. ಹೆಸರು, ತಾಯಿಯ ಹೆಸರು, ವಿಳಾಸ. ಒಂದು ಕಡೆ ನಿಂತರು.

"ಇದೇನಮ್ಮಾ? ಹಿಂದೆ ಓದಿದ ಶಾಲೆ ಅನ್ನೋ ಕಡೆ ನಮ್ಮ ಶಾಲೆ ಹೆಸರೇ ಬರ್ದಿದೀಯ. ಒಂದನೇ ಕ್ಲಾಸಿಗೆ ಸೇರೋನು ಹಿಂದೆ ಇಲ್ಲಿ ಯಾವಾಗ ಓದ್ದ?"

ನಾನು ಬಾಯಿ ತೆರೆದೆ. ಎಡಗಾಲನ್ನು ಹಿಂದಕ್ಕೆಳೆದುಕೊಂಡೆ. ಬಾಯಿ ಮುಚ್ಚಿದೆ.

"ಹಳೆ ಪಾಠ ಟಿಪ್ಪಣಿ ತೆಗೆದು ನೋಡಿ ಮೇಡಂ" ಎಂದಳು ಮುಬೀನಾ. "ಅದ್ರಲ್ಲಿ ಇದಾನೆ. ನಿಮ್ಮ ಸಹಿನೂ ಇದೆ."

ಮೇಡಂ ಹುಡುಗನಿದ್ದ ಕಡೆ ನೋಡಿದರು. ಅವನು ಆಗಲೇ ಬಾಗಿಲಿನಲ್ಲಿ ಇರಲಿಲ್ಲ, ಹಿತ್ತಲಿನಿಂದ ಸದ್ದು ಬರುತ್ತಿತ್ತು. ಕೆಂಪು ಪೆನ್ನು ಆ ಸಾಲಿನ ಮೇಲೆ ಬಹಳ ಹೊತ್ತು ನಿಂತಿತ್ತು. ಆಮೇಲೆ ಗೆರೆ ಎಳೆಯದೆ ಮುಂದಿನ ಸಾಲಿಗೆ ಹೋಯಿತು.